ಸೋತ ಪಂದ್ಯದ ಮೇಲ್ಮನವಿ

ಕೆಳಗಿನ ಕೋರ್ಟಿನಲ್ಲಿ ಸೋತವನಿಗೆ ಹೈಕೋರ್ಟು ಇದೆ. ಅಲ್ಲಿಯೂ ಸೋತರೆ ಸುಪ್ರೀಂ ಕೋರ್ಟು ಇದೆ. ಅಲ್ಲಿಯೂ ಸೋತವನು ಕೈಯಲ್ಲಿನ ಹಣ ಮುಗಿದುದರಿಂದಲಾದರೂ ಸುಮ್ಮನಾಗುತ್ತಾನೆ. ಕ್ರಿಕೆಟ್ಟಿನಲ್ಲಿ ತನ್ನ ತಂಡ ಸೋತ ಅಭಿಮಾನಿಗೆ ಮಾತ್ರ ಈ ಬಿಡುಗಡೆಯಿಲ್ಲ. ಅವನ ವ್ಯಾಜ್ಯಕ್ಕೆ ಕೋರ್ಟು ಫೀ ಇಲ್ಲ, ವಾಯಿದೆಯಿಲ್ಲ, ವಕೀಲನೂ ಬೇಕಿಲ್ಲ. ಚಹದಂಗಡಿಯ ಮುಂದೆ ಒಂದು ಬೆಂಚಿದ್ದರಾಯಿತು, ಹಲವು ವರ್ಷಗಳ ಹಿಂದಿನ ಪಂದ್ಯವೂ ಮತ್ತೆ ವಿಚಾರಣೆಗೆ ಬರುತ್ತದೆ.

ಇಂಥವರು ಎಲ್ಲ ಊರುಗಳಲ್ಲೂ ಉಂಟು. ಆದರೆ ಬೀದರ್ ಜಿಲ್ಲೆಯ ಕೊಡಂಬಲದಲ್ಲಿ ಕುಳಿತು ಬೆಂಗಳೂರಿನ ತಂಡಕ್ಕೆ ಜಯವನ್ನು ಬಯಸುವವನ ಸಂಕಟ ಸ್ವತಃ ಬೆಂಗಳೂರಿನವನಿಗೂ ಅರ್ಥವಾಗಲಾರದು. ಆ ಸೀಮೆಯ ಪೇಟೆಯಾದ ಹುಮನಾಬಾದಿನ ಮೇಲೆ ಹಾಯುವ ಹೆದ್ದಾರಿ ಒಂದು ಕಡೆ ಹೈದರಾಬಾದಿಗೆ ಹೋಗುತ್ತದೆ; ಇನ್ನೊಂದು ಕಡೆ ಸೊಲ್ಲಾಪುರ, ಪುಣೆಗಳ ಮಾರ್ಗವಾಗಿ ಮುಂಬಯಿಯತ್ತ ಸಾಗುತ್ತದೆ. ಎರಡು ತುದಿಗಳಲ್ಲಿಯೂ ಎದುರಾಳಿಗಳೇ! ಹೈದರಾಬಾದು 150 ಕಿಲೋಮೀಟರಿನ ಆಸುಪಾಸಿನಲ್ಲಿದೆ. ಬೆಂಗಳೂರೋ 600 ಕಿಲೋಮೀಟರಿಗೂ ಆಚೆ. 1956ರ ನವೆಂಬರ್ 1ರವರೆಗೆ ಈ ನಾಡು ಹೈದರಾಬಾದು ರಾಜ್ಯಕ್ಕೆ ಸೇರಿದ್ದಿತು. ದೊಡ್ಡ ಆಸ್ಪತ್ರೆ, ಮದುವೆಯ ಜವಳಿ, ಮಕ್ಕಳ ನೌಕರಿ ಎಂದರೆ ಇಂದಿಗೂ ಅನೇಕರು ಬಸ್ಸು ಹತ್ತುವುದು ಆ ದಿಕ್ಕಿಗೇ. ಅಲ್ಲಿ ಒಬ್ಬ ಭಾವನೋ ಕಾಕನೋ ಇಲ್ಲದ ಮನೆ ಅಪರೂಪ. ಹೀಗಿದ್ದೂ ಇಲ್ಲಿನ ಹುಡುಗ ಬೆಂಗಳೂರಿನ ತಂಡವನ್ನು ‘ನಮ್ಮದು’ ಎನ್ನುತ್ತಾನೆ. ದೂರದ ರಾಜಧಾನಿ ತನ್ನನ್ನು ನೆನೆಯುವುದೋ ಇಲ್ಲವೋ, ತಾನಂತೂ ಅದನ್ನು ಬಿಟ್ಟವನಲ್ಲವೆಂದು ಸಾರುವುದಕ್ಕೆ ಅವನಿಗೆ ದೊರೆತ ಸುಲಭವಾದ ದಾರಿ ಅದು.

ಸುಲಭವೆಂದದ್ದು ಮಾತಿಗೆ ಮಾತ್ರ. 2009ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ನಡೆದ ಐ.ಪಿ.ಎಲ್. ಅಂತಿಮ ಪಂದ್ಯದಲ್ಲಿ ಬೆಂಗಳೂರಿನ ನಾಯಕ ಅನಿಲ್ ಕುಂಬ್ಳೆ 16 ಓಟಗಳನ್ನಷ್ಟೇ ಕೊಟ್ಟು 4 ವಿಕೆಟ್ಟುಗಳನ್ನು ಕಿತ್ತರು. ತಂಡ ಮಾತ್ರ 6 ಓಟಗಳಿಂದ ಸೋತಿತು. ಯಾರಿಗೆ? ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ತಂಡಕ್ಕೆ. 2011ರಲ್ಲಿ ಚೆನ್ನೈಗೆ ಶರಣಾದದ್ದನ್ನು ಹೇಗೋ ನುಂಗಿಕೊಳ್ಳಬಹುದು. 2016ರಲ್ಲಿ ಬೆಂಗಳೂರಿನ ಅಂಗಳದಲ್ಲಿಯೇ ಅಂತಿಮ ಪಂದ್ಯ, 209ರ ಗುರಿ, ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೇ 114 ಓಟ ಕೂಡಿಸಿದರು. ಅಷ್ಟಾಗಿಯೂ 8 ಓಟಗಳ ಸೋಲು, ಮತ್ತೆ ಹೈದರಾಬಾದಿಗೇ. ಆ ರಾತ್ರಿ ಹೈದರಾಬಾದಿನ ಭಾವನಿಂದ ಟೆಲಿಫೋನು ಬಂದರೆ ಮೈದುನನಾದವನು ಅದನ್ನು ಎತ್ತಿಕೊಳ್ಳುವನೆಂದು ಯಾರು ತಾನೆ ನಿರೀಕ್ಷಿಸಿಯಾರು!

ಆದರೂ ಇವು ಸರಳವಾದ ಸೋಲುಗಳು. ಅಳುವುದಕ್ಕೆ ಆಗುತ್ತವೆ, ವಾದಕ್ಕೆ ಆಗುವುದಿಲ್ಲ. ವಾದಕ್ಕೆ ಬೇಕಾದದ್ದು ತಪ್ಪು ತೀರ್ಪು. ಅದು 2019ರ ಮಾರ್ಚ್ 28ರಂದು ದೊರೆಯಿತು. ಮುಂಬಯಿಯ ಎದುರು ಕೊನೆಯ ಎಸೆತದಲ್ಲಿ ಬೆಂಗಳೂರಿಗೆ 7 ಓಟ ಬೇಕು. ಎಸೆದವನು ಮಾಲಿಂಗ. ಎದುರಿಸಿದ ದುಬೆಗೆ ಓಟ ದೊರೆಯಲಿಲ್ಲ. ಪಂದ್ಯ ಮುಗಿಯಿತು, ಕೈಕುಲುಕುವುದೂ ನಡೆಯಿತು. ಅಷ್ಟರಲ್ಲಿ ದೊಡ್ಡ ಪರದೆಯ ಮೇಲೆ ಚಿತ್ರ ಮೂಡಿತು: ಮಾಲಿಂಗನ ಕಾಲು ಗೆರೆಯನ್ನು ದಾಟಿತ್ತು. ನೋ ಬಾಲ್ ಎಂದಿದ್ದರೆ 1 ಓಟ ಸೇರುತ್ತಿತ್ತು, ಮತ್ತೊಂದು ಎಸೆತ ದೊರೆಯುತ್ತಿತ್ತು, ಅದರಲ್ಲೊಂದು ಸಿಕ್ಸರ್ ಬಂದರೆ ಗೆಲುವೇ ಕೈಗೆ ಬರುತ್ತಿತ್ತು. ಜೊತೆಗೆ, ನೋ ಬಾಲಿಗೇ ಇಬ್ಬರೂ ಒಂದು ಓಟ ಓಡಿದ್ದರೆ 70 ಹೊಡೆದು ನಿಂತಿದ್ದ ಡಿವಿಲಿಯರ್ಸ್ ಎದುರಿಸುವ ತುದಿಗೆ ಬರುತ್ತಿದ್ದನಲ್ಲವೆ? ಇನ್ನೂ ವಿಚಿತ್ರವೆಂದರೆ, ಆಗಿನ ಪದ್ಧತಿಯಲ್ಲಿ ವಿಕೆಟ್ ಬಿದ್ದಾಗ ಎಸೆದವನ ಕಾಲನ್ನು ಪರದೆಯಲ್ಲಿ ನೋಡುತ್ತಿದ್ದರು. ದುಬೆ ಔಟಾಗಿದ್ದರೆ ತಂಡಕ್ಕೆ ಒಳ್ಳೆಯದಾಗುತ್ತಿತ್ತು!

“ಗೆರಿ ದಾಟಿದ್ದು ಇಡೀ ದುನಿಯಾಕ್ಕೆ ಕಂಡದ ಸರ್, ಅಂಪೈರ್ ಒಬ್ಬರಿಗೇ ಕಂಡಿಲ್ಲಂದ್ರ ಹ್ಯಾಂಗ?” ಎಂದು ಬೆಂಚಿನ ಒಂದು ತುದಿಯಿಂದ ಯುವಕ ಕೇಳುತ್ತಾನೆ.

“ಕಂಡಿದ್ರೂ ಏನಾಗ್ತಿತ್ತು ತಮ್ಮಾ? ಬಿಟ್ಟುಬಿಡು,” ಎನ್ನುತ್ತಾರೆ ಇನ್ನೊಂದು ತುದಿಯಲ್ಲಿರುವ ನಿವೃತ್ತ ಮಾಸ್ತರರು. ಹಿಂದಿನ ಓವರಿನಲ್ಲಿ ಬುಮ್ರಾನ ಎಸೆತವನ್ನು ವೈಡ್ ಎಂದದ್ದೂ ತಪ್ಪೇ ಎಂದು ಮುಂಬಯಿಯ ನಾಯಕ ರೋಹಿತ್ ಶರ್ಮ ಹೇಳಿದುದನ್ನು ಅವರು ನೆನಪಿಸುತ್ತಾರೆ. ಯುವಕನಿಗೆ ಈ ನ್ಯಾಯ ಹಿಡಿಸುವುದಿಲ್ಲ. ತಮಗೆ ಲಾಭವಾದ ತಪ್ಪನ್ನು ಯಾವ ಅಭಿಮಾನಿ ಎಣಿಕೆಗೆ ಹಿಡಿದಿದ್ದಾನೆ?

2020ರಿಂದ ಕಾಲಿನ ಗೆರೆಯನ್ನು ನೋಡುವ ಹೊಣೆ ಟಿ.ವಿ. ಅಂಪೈರಿಗೆ ಬಂದಿತು, 2023ರಿಂದ ವೈಡ್, ನೋ ಬಾಲುಗಳ ಬಗ್ಗೆ ಆಟಗಾರರೇ ಮರುಪರಿಶೀಲನೆ ಕೇಳಬಹುದಾಯಿತು. ಕಾನೂನು ತಿದ್ದಿತು, ಫಲಿತಾಂಶ ತಿದ್ದಲಿಲ್ಲ.

ಯಂತ್ರ ಬಂದರೆ ಜಗಳ ನಿಲ್ಲುವುದೆಂದು ನಂಬಿದವರೂ ಇದ್ದರು. 2008ರಲ್ಲಿ ಶ್ರೀಲಂಕೆಯಲ್ಲಿ ಮರುಪರಿಶೀಲನೆಯನ್ನು ಮೊದಲು ಪ್ರಯೋಗಿಸಿದಾಗ ಭಾರತದ ನಾಯಕರಾಗಿದ್ದವರು ಇದೇ ಕುಂಬ್ಳೆ. ಅದು ಲಂಕೆಯವರಿಗೆ ಒಲಿಯಿತು, ನಮ್ಮವರಿಗೆ ಒಲಿಯಲಿಲ್ಲ; ಬಹುಕಾಲ ಭಾರತ ಅದನ್ನು ದೂರವೇ ಇಟ್ಟಿತು. 2016ರ ಕೊನೆಗೆ ಇಂಗ್ಲೆಂಡಿನ ಎದುರು ಒಪ್ಪಿಕೊಂಡಾಗ ಕುಂಬ್ಳೆ ತಂಡದ ತರಬೇತುದಾರರು. ಈ ಯಂತ್ರದಲ್ಲಿಯೂ ಒಂದು ಕಿಂಡಿಯುಂಟು. ಕಾಲಿಗೆ ಬಡಿದ ಚೆಂಡು ಮುಂದೆ ಹೋಗಿ ವಿಕೆಟ್ಟಿಗೆ ಅರ್ಧಕ್ಕಿಂತ ಕಡಿಮೆ ತಗುಲುವುದೆಂದು ಕಂಡರೆ ಅಂಪೈರ್ ಮೊದಲು ಹೇಳಿದುದೇ ನಿಲ್ಲುತ್ತದೆ. ಒಂದೇ ಚೆಂಡು, ಒಬ್ಬ ಅಂಪೈರಿಗೆ ಔಟು, ಇನ್ನೊಬ್ಬನಿಗೆ ಅಲ್ಲ! ತಗುಲಿದರೆ ತಗುಲಿತು, ಅರ್ಧ ತಗುಲುವುದೆಂದರೇನೆಂದು ಮನೆಯ ಅಜ್ಜಿ ಕೇಳಿದರೆ ಉತ್ತರ ಕೊಡುವ ಮೊಮ್ಮಗ ಇನ್ನೂ ಹುಟ್ಟಿಲ್ಲ.

ಈ ನೋವು ನಮಗೆ ಮಾತ್ರ ಮೀಸಲಲ್ಲ. ಆಸ್ಟ್ರೇಲಿಯದವರ ಕಾಲ್ಚೆಂಡಿನಲ್ಲಿ ಚೆಂಡು ನಡುಗಂಬಗಳ ಮಧ್ಯೆ ಹಾದರೆ 6 ಅಂಕ, ಕಂಬಕ್ಕೆ ತಗುಲಿದರೆ 1. 2023ರ ಆಗಸ್ಟಿನಲ್ಲಿ ಅಡಿಲೇಡಿನ ಆಟಗಾರನೊಬ್ಬ ಕೊನೆಯ ಗಳಿಗೆಯಲ್ಲಿ ಒದ್ದ ಚೆಂಡು ಕಂಬಕ್ಕೆ ತಗುಲಿತೆಂದು ತೀರ್ಪಾಯಿತು. ಪರಿಶೀಲಿಸುವ ಏರ್ಪಾಡಿದ್ದೂ ಯಾರೂ ಪರಿಶೀಲಿಸಲಿಲ್ಲ. ಅಡಿಲೇಡು ಸಿಡ್ನಿಗೆ 1 ಅಂಕದಿಂದ ಸೋತಿತು. ಮರುದಿನ ಸಂಸ್ಥೆಯೇ ತಪ್ಪೊಪ್ಪಿಕೊಂಡಿತು. ಫಲಿತಾಂಶ ಹಾಗೆಯೇ ಉಳಿಯಿತು.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಮಣಿಸಿ ಬೆಂಗಳೂರು ಕೊನೆಗೂ ಗೆದ್ದಿತು. ಅಂತರ 6 ಓಟ: 2009ರಲ್ಲಿ ಸೋತಷ್ಟೇ, ಮಾಲಿಂಗನ ರಾತ್ರಿ ಸೋತಷ್ಟೇ. ಹದಿನೆಂಟನೆಯ ವರ್ಷದ ಆ ಸಂತೋಷ ಪೂರ್ತಿ ಒಂದು ದಿನವೂ ಬಾಳಲಿಲ್ಲ. ಮರುದಿನ ಬೆಂಗಳೂರಿನ ಕ್ರೀಡಾಂಗಣದ ಹೊರಗೆ, ವಿಜಯೋತ್ಸವ ನೋಡಬಂದವರ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಬಿಟ್ಟರು. ಅವರೂ ‘ನಮ್ಮದು’ ಎಂದು ಬಂದವರೇ.

ಆ ಬಳಿಕ ಕೆಲವು ದಿನ ಬೆಂಚಿನಲ್ಲಿ ಕ್ರಿಕೆಟ್ಟಿನ ಮಾತೇ ಏಳಲಿಲ್ಲ. ಯುವಕ ಬಂದು, ಚಹ ಕುಡಿದು, ಎದ್ದು ಹೋಗುತ್ತಿದ್ದ. ಮಾತು ಮತ್ತೆ ಎದ್ದಾಗ ಎತ್ತಿದವರು ಮಾಸ್ತರರು. ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಚೆಲ್ಲಿದ ಚಹದಲ್ಲಿ ಬೆರಳದ್ದಿ ಬೆಂಚಿನ ಮೇಲೆ ಒಂದು ಗೆರೆಯೆಳೆದು, ಮಾಲಿಂಗನ ಕಾಲು ಎಷ್ಟು ಮುಂದಿತ್ತೆಂಬುದನ್ನು ಅವರು ಯುವಕನಿಗೆ ತೋರಿಸತೊಡಗಿದರು.