ಇಸ್ಸಿಕ್ ದಿಬ್ಬದ ಚಿನ್ನದ ಮನುಷ್ಯ
ನೀವು ಎಂದಾದರೂ ಕಝಾಕಿಸ್ತಾನದ ಅಲ್ಮಾಟಿಗೆ ಹೋದರೆ, ಚೌಕದಲ್ಲಿ ಎತ್ತರದ ಕಂಬದ ತುದಿಗೆ ರೆಕ್ಕೆಯ ಚಿರತೆಯ ಮೇಲೆ ನಿಂತ ಯೋಧನನ್ನು ಕಾಣುವಿರಿ. ಅವನು ಸಿಕ್ಕಿದ್ದು ಅಲ್ಲಿಂದ ಸುಮಾರು 50 ಕಿ.ಮೀ. ದೂರದ ಇಸ್ಸಿಕ್‌ನ ಮಣ್ಣುದಿಬ್ಬದಲ್ಲಿ. 1969ರಲ್ಲಿ ಪುರಾತತ್ವಜ್ಞ ಕೆಮಾಲ್ ಅಕಿಶೇವ್‌ರ ತಂಡ ಅದನ್ನು ಅಗೆದಾಗ ನಡುವಿನ ಗೋರಿ ಬರಿದಾಗಿತ್ತು. ಕಳ್ಳರು ಎಂದೋ ದೋಚಿದ್ದರು. ಆದರೆ ಪಕ್ಕದಲ್ಲೇ ಯಾರೂ ಮುಟ್ಟದ ಇನ್ನೊಂದು ಗೋರಿಯಿತ್ತು! ಸಿಥಿಯನ್ನರ ಬಂಧುಗಳಾದ ಶಕರ ಹರೆಯದವನೊಬ್ಬ (ಹೆಣ್ಣಿರಬಹುದು ಎನ್ನುವವರೂ ಇದ್ದಾರೆ), ಸುಮಾರು 4,000 ಚಿನ್ನದ ತುಣುಕುಗಳು. ನನಗಂತೂ ಚಿನ್ನಕ್ಕಿಂತ ಅಲ್ಲಿದ್ದ ಪುಟ್ಟ ಬೆಳ್ಳಿ ಬಟ್ಟಲೇ ದೊಡ್ಡದು. ಅದರ ಮೇಲಿನ ಬರಹವನ್ನು ಇನ್ನೂ ಪೂರ್ತಿ ಓದಲಾಗಿಲ್ಲ. ಅಲೆಮಾರಿಗಳಿಗೆ ಅಕ್ಷರ ಗೊತ್ತಿರಲಿಲ್ಲವೆಂದು ಇನ್ನು ಹೇಳುವುದು ಹೇಗೆ? ಅಕಿಶೇವ್ ಚಿನ್ನದ ಬೆನ್ನು ಹತ್ತಲಿಲ್ಲ. ಮುಂದೆ ವರ್ಷಗಟ್ಟಲೆ, ಮಂಗೋಲರು ಹಾಳುಗೆಡವಿದ್ದ ಒತ್ರಾರ್ ಪಟ್ಟಣದ ಇಟ್ಟಿಗೆ ಮನೆಗಳನ್ನು ಮಣ್ಣಿನಿಂದ ಬಿಡಿಸುತ್ತಾ ಕುಳಿತರು.