ಕೊನೆಯ ಹತ್ತು ಅಡಿ

ಭಾನುವಾರ ಬೆಳಗಿನ ಐದು ಗಂಟೆಗೆ ಚೆಂಬೂರಿನಲ್ಲಿ ರಿಕ್ಷಾ ನಿಲ್ಲಿಸಿ, ಆಳುದ್ದದ ಚೀಲವನ್ನು ಓರೆಯಾಗಿ ಒಳಗೆ ತೂರಿಸುವ ಮನುಷ್ಯನನ್ನು ಚಾಲಕರು ಒಂದು ಗಳಿಗೆ ಅನುಮಾನದಿಂದಲೇ ನೋಡುತ್ತಾರೆ. ಒಳಗಿರುವುದು ಗಾಳದ ಕೋಲು ಎಂದರೆ ಅನುಮಾನ ಹೋಗಿ ಕನಿಕರ ಬರುತ್ತದೆ. "ಚೆಂಬೂರ್ ಮೇ ಮಛಲಿ?" ಎಂದು ಒಬ್ಬ ನಕ್ಕಿದ್ದ.

ಅವನ ನಗು ಸುಳ್ಳೇನಲ್ಲ. ನಮ್ಮ ಚೆಂಬೂರಿಗೆ ನೀರಿನ ಕೊರತೆಯಿಲ್ಲ, ಆದರೆ ಗಾಳ ಹಾಕುವಂಥ ಸಿಹಿನೀರಿಲ್ಲ. ಮಾಹುಲ್ ಕಡೆ ಹೋದರೆ ಕೊಲ್ಲಿಯ ಉಪ್ಪುನೀರು, ಮೊಣಕಾಲುದ್ದ ಕೆಸರು. ಚಳಿಗಾಲದಲ್ಲಿ ಆ ಕೆಸರಿನ ಮೇಲೆ ಸಾಲುಸಾಲು ಫ್ಲೆಮಿಂಗೊ, ಅವುಗಳ ಬೆನ್ನಿಗೆ ತೈಲ ಶುದ್ಧೀಕರಣದ ಚಿಮಣಿಗಳು. ಊರೊಳಗಿನ ಚರಾಯಿ ತಲಾವ್ ನಮಗೆ ನೆನಪಾಗುವುದು ಗಣಪತಿ ವಿಸರ್ಜನೆಯ ದಿನ. ಹಾಗಾಗಿ ಗಾಳದ ಹುಚ್ಚು ಹತ್ತಿದ ನಾವಿಬ್ಬರು ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಹಿಡಿದು, ಘಾಟ್ಕೋಪರ್ ದಾಟಿ, ವಿಕ್ರೋಲಿಯಲ್ಲಿ ಎಡಕ್ಕೆ ತಿರುಗಿ ಪೊವಾಯಿಗೆ ಹೋಗುತ್ತೇವೆ. ಬೆಳಗಿನ ಆ ಹೊತ್ತಿಗೆ ಅರ್ಧ ಗಂಟೆಯ ದಾರಿ. ಅದೇ ದಾರಿ ಸೋಮವಾರ ಒಂಬತ್ತು ಗಂಟೆಗೆ ಎಷ್ಟು ಹೊತ್ತು ಎಂದು ಮುಂಬಯಿಯವರಿಗೆ ನಾನು ಹೇಳಬೇಕಾಗಿಲ್ಲ.

ಐಐಟಿ ಗೇಟು ದಾಟಿದ ಮೇಲೆ ಬಲಕ್ಕೆ ಕೆರೆ ಕಾಣುತ್ತದೆ. 1891ರಲ್ಲಿ ಬೊಂಬಾಯಿಗೆ ಕುಡಿಯುವ ನೀರು ಕೊಡಲೆಂದು ಒಡ್ಡು ಕಟ್ಟಿ ಮಾಡಿದ ಕೆರೆ ಇದು. ನೀರು ಕುಡಿಯಲು ಬಾರದಂತಾಯಿತು, ಮೀನಿಗೆ ಸಾಕಾಯಿತು. ದಡದಲ್ಲಿ ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್ ಇದೆ, 1955ರಿಂದ. ಸದಸ್ಯರಾಗಿ, ಅವರ ಕಟ್ಟುಪಾಡಿನೊಳಗೆ ಗಾಳ ಹಾಕಬೇಕು. ಕಾಟ್ಲಾ, ರೋಹು ಇಲ್ಲಿಯ ದೊಡ್ಡ ಮೀನುಗಳು. ಮೊಸಳೆಗಳೂ ಇವೆ, ನೀರಿಗಿಳಿಯುವ ಉತ್ಸಾಹ ಯಾರಿಗೂ ಬಾರದಿರಲಿ. ಒಂದು ಕಡೆ ಬಹುಮಹಡಿ ಕಟ್ಟಡಗಳು, ಇನ್ನೊಂದು ಕಡೆ ಗುಡ್ಡದ ಹಸಿರು, ನಡುವೆ ಗಾಳಿ ಬೀಸಿದತ್ತ ತೇಲಿಕೊಂಡು ಹೋಗುವ ಜಲಪರ್ಣಿಯ ಹಸಿರು ಚಾಪೆ.

'ನಾವಿಬ್ಬರು' ಎಂದೆನಲ್ಲ, ಇನ್ನೊಬ್ಬರು ನಮ್ಮ ಕಟ್ಟಡದ ಮೂರನೇ ಮಹಡಿಯ ಮಾಮ. ಅಂಕೋಲೆಯವರು. ಬಂದರಿನ ಗೋದಿಯಲ್ಲಿ ಖಲಾಸಿಯಾಗಿದ್ದವರು, ಎಂದರೆ ಕ್ರೇನಿನ ಕೊಕ್ಕೆಗೆ ಸರಕಿನ ಹಗ್ಗ ಬಿಗಿದು, ಕೈಸನ್ನೆಯಲ್ಲಿ ಮೇಲೆತ್ತಿಸಿ ಇಳಿಸುವ ಕೆಲಸ. ನಿವೃತ್ತರಾಗಿ ಹದಿನೈದು ವರ್ಷವಾಯಿತು. ನಾನು ಬೆಳ್ತಂಗಡಿ ತಾಲೂಕಿನವನು. ಚಿಕ್ಕಂದಿನಲ್ಲಿ ಶಿಶಿಲದ ದೇವಸ್ಥಾನದ ಬಳಿ ಕಪಿಲಾ ನದಿಯ ದೇವರ ಮೀನುಗಳಿಗೆ ಹಿಡಿಗಟ್ಟಲೆ ಅಕ್ಕಿ ಎಸೆದವನು. ಅಲ್ಲಿ ಗಾಳದ ಮಾತೇ ಎತ್ತುವಂತಿಲ್ಲ. ಮಾಮನದ್ದು ಸಮುದ್ರ, ನನ್ನದು ಹೊಳೆ. ಇಬ್ಬರಿಗೂ ಕೆರೆ ಮೀನಿನ ರುಚಿ ಹಿಡಿಸುವುದಿಲ್ಲ. ಬಂಗುಡೆ, ಬೂತಾಯಿ ತಿಂದ ನಾಲಿಗೆಗೆ ರೋಹು ಎಂದರೆ ಕೆಸರಿನ ವಾಸನೆ. ಬಂಗಾಳಿ ಸಹೋದ್ಯೋಗಿಯೊಬ್ಬರ ಮುಂದೆ ಈ ಮಾತಾಡಿ ಒಂದು ತಿಂಗಳು ಮುನಿಸು ಅನುಭವಿಸಿದ್ದೇನೆ. ಅದಿರಲಿ. ಹಿಡಿದ ಮೀನನ್ನು ನಾವು ಬಿಟ್ಟುಬಿಡುತ್ತೇವೆ.

ಬಿಟ್ಟುಬಿಡುವವರು ದಾರ ಕಡಿದರೆ ಏನಂತೆ, ಹೇಗೂ ಹೋಗುವ ಮೀನು ತಾನೇ ಎಂದು ಒಂದು ಕಾಲಕ್ಕೆ ನಾನೂ ಅಂದುಕೊಂಡಿದ್ದೆ.

ಮೊದಲ ವರ್ಷದ ಮಾತು. ಚಳಿಗಾಲದ ಒಂದು ಬೆಳಿಗ್ಗೆ ನನ್ನ ಗಾಳಕ್ಕೆ ಒಳ್ಳೆಯ ರೋಹು ಬಿತ್ತು. ಕಾಲು ಗಂಟೆ ಆಡಿಸಿ ದಡದವರೆಗೆ ತಂದೆ. ಕೆಂಪು ಬಾಲ ಕಂಡಿತು, ಬೆಳ್ಳಿಯ ಮಗ್ಗುಲು ಕಂಡಿತು, ನನ್ನ ಬುದ್ಧಿ ಅಲ್ಲಿಗೆ ನಿಂತಿತು. ಇನ್ನು ಮುಗಿಯಿತಲ್ಲ ಎಂದು ರೀಲಿನ ಬ್ರೇಕು ಬಿಗಿ ಮಾಡಿದೆ. ಸಾಲದ್ದಕ್ಕೆ ಎಡಗೈಯಲ್ಲಿ ದಾರವನ್ನೇ ಹಿಡಿದೆಳೆದೆ. ಮೀನು ನಮ್ಮಿಬ್ಬರನ್ನೂ ನೋಡಿ ಒಮ್ಮೆ ತಲೆ ಕೊಡವಿತು, ಅಷ್ಟೇ. 'ಟಪ್' ಎಂದಿತು. ನನ್ನ ಬೆರಳು ಸೀಳಿತು. ಹತ್ತು ಹನ್ನೆರಡು ಅಡಿ ದಾರ, ನನ್ನ ಬೆಂಡು, ಗಾಳ ಎಲ್ಲವನ್ನೂ ಎಳೆದುಕೊಂಡು ಅದು ಹೋಯಿತು. ಆ ಬೆಂಡಿಗೆ ಹೆಂಡತಿಯ ಉಗುರಿನ ಕೆಂಪು ಬಣ್ಣ ಬಳಿದಿದ್ದೆ, ದೂರದಿಂದ ಕಾಣಲೆಂದು.

ಮುಂದಿನ ಭಾನುವಾರ ದೂರದಿಂದಲೇ ಕಂಡಿತು. ದಡಕ್ಕೆ ಬಂದು ನಿಂತಿದ್ದ ಜಲಪರ್ಣಿಯ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ, ಅದರ ಪಕ್ಕದಲ್ಲಿ ಎರಡು ಕಾಗೆ. ದಾರ ಬೇರುಗಳಿಗೆ ನಾಲ್ಕು ಸುತ್ತು ಸುತ್ತಿಕೊಂಡಿತ್ತು. ಇನ್ನೊಂದು ತುದಿಯಲ್ಲಿ ರೋಹು. ಹಗ್ಗ ಹಾಕಿ ಕಟ್ಟಿದ ಕರುವಿನ ಹಾಗೆ ಅದು ಅಲ್ಲೇ ಸುತ್ತಿ ಸುತ್ತಿ ಸತ್ತಿತ್ತು. ಮಾಮ ಉದ್ದದ ಕೋಲಿನಿಂದ ಎಲ್ಲವನ್ನೂ ದಡಕ್ಕೆಳೆದು, ದಾರ ಬಿಡಿಸಿ, ಬೆಂಡನ್ನು ಒರೆಸಿ ನನ್ನ ಕೈಗಿಟ್ಟರು. ಬೈಯಲಿಲ್ಲ. ವಾಪಸು ಬರುವಾಗ ವಿಕ್ರೋಲಿಯ ಸಿಗ್ನಲಿನಲ್ಲಿ, "ಗೋದಿಯಲ್ಲಿ ಹಗ್ಗ ಕಡಿದರೆ ಕೆಳಗೆ ಮನುಷ್ಯ ಇರ್ತಿದ್ದ, ತಮಾ" ಎಂದರು. ಅಂದು ಮತ್ತೆ ಮಾತಿಲ್ಲ.

ಆ ಸಂಜೆ ನಮ್ಮ ಕಟ್ಟಡದ ಟೆರೇಸಿನಲ್ಲಿ ಪಾಠ ಶುರುವಾಯಿತು. ಉಪಕರಣಗಳು: ಎರಡು ಲೀಟರಿನ ಬಾಟಲಿ ತುಂಬ ನೀರು, ಕೆಳಗಿನ ರದ್ದಿವಾಲಾನಿಂದ ಕಡ ತಂದ ಕೊಕ್ಕೆಯ ತೂಕದ ಕಾಟಾ, ನನ್ನದೇ ರೀಲು. ನಮ್ಮ ಕಡೆ ತಂಗೂಸು ಎನ್ನುವ ನೈಲಾನ್ ದಾರ ಅದರಲ್ಲಿತ್ತು, 15 ಪೌಂಡಿನದು. ಎಂದರೆ ಹೆಚ್ಚುಕಡಿಮೆ 6.8 ಕಿಲೋ ತಡೆಯಬೇಕು.

ಮಾಮ ಒಂದು ಗಜದಷ್ಟು ದಾರಕ್ಕೆ ಬಾಟಲಿ ಕಟ್ಟಿ, ಇನ್ನೊಂದು ತುದಿಯನ್ನು ಕಬ್ಬಿಣದ ಕಂಬಿಗೆ ಬಿಗಿದು ಮೆಲ್ಲಗೆ ತೂಗಬಿಟ್ಟರು. ಎರಡು ಕಿಲೋ, ಏನೂ ಆಗಲಿಲ್ಲ. ಆಮೇಲೆ ಬಾಟಲಿಯನ್ನು ಒಂದಡಿ ಎತ್ತಿ ಕೈಬಿಟ್ಟರು. ಕಡಿಯಿತು, ಅದೂ ಗಂಟಿನಲ್ಲೇ. "ಈಗ ಇದನ್ನೇ ಉದ್ದ ಮಾಡುವ" ಎಂದು ಟೆರೇಸಿನಿಂದ ಕೆಳಗಿನ ಅಂಗಳದ ಹತ್ತಿರದವರೆಗೆ ದಾರ ಇಳಿಬಿಟ್ಟರು, ನಲವತ್ತು ಅಡಿ ಇದ್ದೀತು. ಕೆಳಗೆ ನಾನು ಬಾಟಲಿಯನ್ನು ಒಂದಡಿ ಎತ್ತಿ ಕೈಬಿಟ್ಟೆ. ಬಾಟಲಿ ಕೆಳಕ್ಕೆ ಜಗ್ಗಿ, ಮೇಲಕ್ಕೆ ಪುಟಿದು, ತೂಗಾಡುತ್ತ ನಿಂತಿತು. ಅದೇ ದಾರ, ಅದೇ ಭಾರ, ಅದೇ ಒಂದಡಿ.

ನೈಲಾನ್ ರಬ್ಬರಿನಂತೆ ಹಿಗ್ಗುತ್ತದೆ, ಆ ಹಿಗ್ಗುವಿಕೆಯೇ ಪೆಟ್ಟನ್ನು ನುಂಗುತ್ತದೆ. ದಾರ ಉದ್ದವಿದ್ದರೆ ಹಿಗ್ಗಲು ಜಾಗ ಹೆಚ್ಚು. ಮೀನು ದೂರದಲ್ಲಿದ್ದಾಗ ಎಷ್ಟು ಜಗ್ಗಿದರೂ ತಡೆದ ದಾರ, ಮೀನು ಕಾಲಬುಡಕ್ಕೆ ಬಂದಾಗ ಕಡಿಯುವುದು ಇದಕ್ಕೇ. ನಾವೋ, ಕೊನೆಯ ಹತ್ತು ಅಡಿಯಲ್ಲಿ ಗೆದ್ದೆವೆಂದು ಬಿಗಿ ಮಾಡುತ್ತೇವೆ. ಸಡಿಲಿಸಬೇಕಾದದ್ದೇ ಅಲ್ಲಿ. ಮೀನು ದಡ ಕಂಡಾಗ, ಬಲೆ ಕಂಡಾಗ ಒಂದು ಕೊನೆಯ ಓಟ ಓಡಿಯೇ ಓಡುತ್ತದೆ. ಆ ಓಟಕ್ಕೆ ದಾರ ಬಿಟ್ಟುಕೊಡಲು ರೀಲಿನ ಬ್ರೇಕನ್ನು ಮೊದಲೇ ಸ್ವಲ್ಪ ತಿರುಗಿಸಿ ಇಟ್ಟಿರಬೇಕು.

ಕಾಟಾ ಯಾಕೆ ಬಂತೆಂದರೆ, ಬ್ರೇಕಿನ ಬಿಗಿ ನೋಡಲು. ಬೆರಳಲ್ಲಿ ಎಳೆದು 'ಸಾಕು' ಎನ್ನುವವರೇ ನಮ್ಮಲ್ಲಿ ಹೆಚ್ಚು. ಮಾಮ ದಾರವನ್ನು ಕೋಲಿನ ಎಲ್ಲ ಉಂಗುರಗಳ ಮೂಲಕ ಹಾಯಿಸಿ, ತುದಿಯನ್ನು ಕಾಟಾದ ಕೊಕ್ಕೆಗೆ ಕಟ್ಟಿ, ಕೋಲು ಬಾಗಿಸಿ ಎಳೆಯಲು ಹೇಳಿದರು. ರೀಲು ದಾರ ಬಿಡತೊಡಗಿದಾಗ ಮುಳ್ಳು ಐದು ಕಿಲೋ ಹತ್ತಿರ ಇತ್ತು. ನಾನು ಎಷ್ಟು ದಿನದಿಂದ ಹಾಗೆ ಹಿಡಿದುಕೊಂಡಿದ್ದೆನೋ! ದಾರದ ತಾಕತ್ತಿನ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ಸಾಕು. ಒಂದೂಮುಕ್ಕಾಲು ಕಿಲೋಗೆ ಇಳಿಸಿದೆವು. ಉಳಿದದ್ದು ಗಂಟಿನ ಬಲಹೀನತೆಗೆ, ಒದ್ದೆಯಾದ ನೈಲಾನ್ ಕಳೆದುಕೊಳ್ಳುವ ಬಲಕ್ಕೆ, ಉಂಗುರಗಳ ಉಜ್ಜಾಟಕ್ಕೆ. ಇನ್ನೊಂದು ಸೂಕ್ಷ್ಮವಿದೆ. ಮೀನು ಓಡಿ ಓಡಿ ಉರುಳೆಯಲ್ಲಿನ ದಾರ ಖಾಲಿಯಾದಂತೆ ಸುತ್ತು ಸಣ್ಣದಾಗುತ್ತದೆ. ಸುತ್ತಿನ ಅಳತೆ ಅರ್ಧಕ್ಕಿಳಿದರೆ ನಾವು ಮುಟ್ಟದಿದ್ದರೂ ಬಿಗಿ ಎರಡು ಪಟ್ಟಾಗಿರುತ್ತದೆ. ದೂರ ಓಡಿದ ಮೀನಿನ ಮೇಲೆ ಬ್ರೇಕು ಹಾಕುವವನು ಈ ಲೆಕ್ಕ ಮರೆತವನು.

ಗಂಟಿನ ಬಗ್ಗೆ ಮಾಮ ಬಹಳ ಹೊತ್ತು ಮಾತಾಡಿದರು. ಖಲಾಸಿಗಳಿಗೆ ಗಂಟು ಎಂದರೆ ಸಂಗೀತಗಾರರಿಗೆ ಶ್ರುತಿ ಇದ್ದಂತೆ, ಕೆಣಕಬಾರದು. ನನಗೆ ಬೇಕಾದಷ್ಟು ಹೇಳುತ್ತೇನೆ: ಐದಾರು ಸುತ್ತು ಹಾಕಿ, ಬಿಗಿಯುವ ಮುಂಚೆ ಎಂಜಲಿನಿಂದ ಒದ್ದೆ ಮಾಡಬೇಕು. ಒಣ ನೈಲಾನ್ ತನ್ನ ಮೇಲೆಯೇ ಉಜ್ಜಿದಾಗ ಬಿಸಿಯಾಗಿ ಸುಡುತ್ತದೆ. ಸುಟ್ಟ ಜಾಗ ಕಣ್ಣಿಗೆ ಕಾಣುವುದಿಲ್ಲ, ಮೀನಿಗೆ ಗೊತ್ತಾಗುತ್ತದೆ. ಕಟ್ಟಿದ ಮೇಲೆ ಕೈಯಲ್ಲಿ ಗಟ್ಟಿಯಾಗಿ ಎಳೆದು ನೋಡಬೇಕು. ಕಡಿಯುವುದಾದರೆ ಅಲ್ಲೇ ಕಡಿಯಲಿ.

ಕೋಲಿನ ಉಂಗುರಗಳೊಳಗೆ ಹತ್ತಿಯ ಉಂಡೆ ಆಡಿಸುವುದನ್ನೂ ಅವರಿಂದಲೇ ಕಲಿತೆ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ಆ ಬಿರುಕು ದಾರವನ್ನು ಗರಗಸದಂತೆ ತಿನ್ನುತ್ತದೆ. ಪ್ರತಿ ಸಲ ಹೊರಡುವ ಮುಂಚೆ ತುದಿಯ ಎರಡು ಮೂರು ಮಾರು ದಾರವನ್ನು ಉಗುರಿನ ನಡುವೆ ಹಾಯಿಸಿ, ಒರಟು ಸಿಕ್ಕರೆ ಕತ್ತರಿಸಬೇಕು. ನಾನು ನೋಡುವುದೂ ಇಲ್ಲ, ಕತ್ತರಿಸಿಯೇ ಬಿಡುತ್ತೇನೆ. ದಾರವನ್ನು ಬಾಲ್ಕನಿಯ ಬಿಸಿಲಿಗೆ ಇಡಬಾರದು. ಹೆಣೆದ ದಾರ ಕೊಂಡರೆ ಈ ಕಾಟವಿಲ್ಲ ಎನ್ನುವವರಿದ್ದಾರೆ. ಅದು ತೆಳುವಾಗಿದ್ದೂ ಬಲು ಗಟ್ಟಿ, ನಿಜ. ಆದರೆ ಹಿಗ್ಗುವುದೇ ಇಲ್ಲ; ಪೆಟ್ಟೆಲ್ಲ ಗಂಟಿಗೆ, ಕೋಲಿಗೆ, ಇಲ್ಲವೇ ಮೀನಿನ ತುಟಿಗೆ. ನನಗೆ ತಂಗೂಸೇ ಸಾಕು.

ಕಾವೇರಿಯ ಬಿಳಿ ಮೀನು ಹಿಡಿಯುತ್ತಿದ್ದವರ ಕತೆಗಳನ್ನು ಓದಿದಾಗೆಲ್ಲ ನನಗೆ ಈ ಟೆರೇಸು ನೆನಪಾಗುತ್ತದೆ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದದ್ದು 120 ಪೌಂಡಿನ ಮೀನು, ಐವತ್ತನಾಲ್ಕು ಕಿಲೋ. ಅಲ್ಲಿ ಬಂಡೆಗಳದ್ದೇ ದೊಡ್ಡ ಭಯ, ದಾರ ಒಮ್ಮೆ ಬಂಡೆಯಂಚಿಗೆ ತಾಗಿದರೆ ಮುಗಿಯಿತು. ಹಾಗಾಗಿ ಭೀಮೇಶ್ವರಿ, ಗಾಲಿಬೋರೆ ಕಡೆ ಗಾಳದವರು ಮೀನನ್ನು ಎಳೆಯುವ ಬದಲು ಹರಿಗೋಲು ಹತ್ತಿ ಅದರ ಹಿಂದೆಯೇ ಹೋಗುತ್ತಿದ್ದರು. ಎಳೆಯಲಾಗದ್ದರ ಹಿಂದೆ ನಡೆಯುವುದು, ಎಂಥ ಸರಳ ಉಪಾಯ! ಆ ಮೀನು 2018ರಿಂದ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಪೊವಾಯಿಯಲ್ಲಿ ಬಂಡೆಯ ಬದಲು ಜಲಪರ್ಣಿ, ಹರಿಗೋಲಿನ ಬದಲು ನಮ್ಮ ಎರಡು ಕಾಲು. ಮೀನು ಗಿಡದ ಕಡೆ ಹೊರಟರೆ ಕೋಲನ್ನು ಪಕ್ಕಕ್ಕೆ ವಾಲಿಸಿ, ದಡದಲ್ಲಿ ನಾಲ್ಕು ಹೆಜ್ಜೆ ನಡೆದು, ಅದರ ತಲೆಯನ್ನು ತಿರುಗಿಸಬೇಕು. ನಿಂತಲ್ಲೇ ನಿಂತು ಜಗ್ಗುವವನ ದಾರ ಉಳಿಯುವುದಿಲ್ಲ.

ಹೋದ ಜನವರಿಯ ಎರಡನೇ ಭಾನುವಾರ ನನಗೆ ಕಾಟ್ಲಾ ಬಿತ್ತು. ಬೆಂಡು ಮುಳುಗಲಿಲ್ಲ, ಸುಮ್ಮನೆ ಮಗ್ಗುಲಾಯಿತು. ಕಾಟ್ಲಾದ ಗತ್ತೇ ಹಾಗೆ. ಎತ್ತಿದರೆ ಕೆರೆಯ ತಳವೇ ಸಿಕ್ಕಿಕೊಂಡಂತೆ ಭಾರ. ಆಮೇಲೆ ತಳ ಹೊರಟಿತು. ಮೂರು ಸಲ ಓಡಿತು. ಓಡುವಾಗ ನಾನು ರೀಲಿನ ಹಿಡಿಕೆ ಮುಟ್ಟಲಿಲ್ಲ. ಮೀನು ಎಳೆಯುತ್ತಿರುವಾಗ ತಿರುಗಿಸಿದರೆ ದಾರ ಬರುವುದಿಲ್ಲ, ಹುರಿ ಮಾತ್ರ ಏರುತ್ತದೆ. ಅದು ನಿಂತಾಗ ಕೋಲನ್ನು ಮೆಲ್ಲಗೆ ಎತ್ತುವುದು, ಇಳಿಸುತ್ತಾ ಸುತ್ತಿಕೊಳ್ಳುವುದು, ಮತ್ತೆ ಎತ್ತುವುದು.

ಮಾಮ ಬಲೆ ಹಿಡಿದು ಕೂತಿದ್ದರು. ಕಣ್ಣಿನ ಆಪರೇಷನ್ ಆದಮೇಲೆ ಅವರು ಗಾಳ ಹಾಕುವುದಿಲ್ಲ, ಕೈ ನಡುಗುತ್ತದೆ. ಬಲೆಯನ್ನು ಮೊದಲೇ ನೀರಿನಲ್ಲಿ ಮುಳುಗಿಸಿ, ಹಿಡಿಯನ್ನು ಮೊಣಕಾಲಿಗೆ ಒತ್ತಿ ಅಲುಗಾಡದಂತೆ ಇಟ್ಟಿದ್ದರು. ಮೀನಿನ ಹಿಂದೆ ಬಲೆ ಬೀಸುವವರೇ ಬಲೆಯ ಅಂಚಿನಿಂದ ದಾರ ಕಡಿಯುವುದು. ಬಲೆ ನಿಲ್ಲಬೇಕು, ಮೀನು ಬರಬೇಕು, ತಲೆ ಮುಂದಾಗಿ.

ಹದಿನೈದು ಅಡಿ. ದೊಡ್ಡ ತಲೆ ಮೇಲೆ ಬಂದು ಗಾಳಿ ಕುಡಿಯಿತು. ನನ್ನ ಹೆಬ್ಬೆರಳು ತಾನಾಗಿ ಬ್ರೇಕಿನ ಕಡೆ ಹೋಯಿತು, ಬಿಗಿ ಮಾಡಲು.

"ಬಿಡು" ಎಂದರು ಮಾಮ, ನನ್ನ ಕಡೆ ನೋಡದೆಯೇ.

ಅರ್ಧ ಸುತ್ತು ಸಡಿಲಿಸಿ ಎರಡು ಹೆಜ್ಜೆ ಹಿಂದಕ್ಕೆ ಹೋದೆ. ಹಿಂದೆ ಹೋದರೆ ದಾರಕ್ಕೆ ಆರಡಿ ಉದ್ದ ಹೆಚ್ಚಾದಂತೆ. ಮರುಕ್ಷಣವೇ ಕಾಟ್ಲಾ ತಿರುಗಿ ನುಗ್ಗಿತು. ರೀಲು ಕಿರ್ರೆಂದು ದಾರ ಬಿಟ್ಟಿತು, ಕೋಲು ಹಿಡಿಯವರೆಗೆ ಬಾಗಿತು. ನಾಲ್ಕು ವರ್ಷದ ಹಿಂದೆ ಆಗಿದ್ದರೆ ಕಡಿದೇ ಹೋಗುತ್ತಿತ್ತು. ಇಪ್ಪತ್ತು ಅಡಿ ಓಡಿ ನಿಂತಿತು. ಮತ್ತೆ ಮೆಲ್ಲಗೆ ಕರೆದೆ. ಈ ಸಲ ಮಗ್ಗುಲಾಗಿ ಬಂತು. ಬಲೆಯ ಮೇಲೆ ತಲೆ ಬಂದದ್ದೇ ಮಾಮ ಎರಡೂ ಕೈಯಿಂದ ಹಿಡಿ ಎತ್ತಿದರು. ನಡುಗುವ ಕೈ ಆಗ ನಡುಗಲಿಲ್ಲ.

ರದ್ದಿವಾಲಾನ ಕಾಟಾ ನಮ್ಮಲ್ಲೇ ಉಳಿದುಬಿಟ್ಟಿದೆ, ಅವನಿಗೆ ಹೊಸದು ಕೊಡಿಸಿದೆವು. ಬಲೆ ಸಮೇತ ತೂಗಿ, ಬಲೆಯ ತೂಕ ಕಳೆದರೆ ಒಂಬತ್ತು ಕಿಲೋ ಚಿಲ್ಲರೆ. ಗಾಳ ತುಟಿಯ ಮೂಲೆಯಲ್ಲಿತ್ತು, ಇಕ್ಕಳದಲ್ಲಿ ಬಿಡಿಸಿದೆ. ಒದ್ದೆ ಕೈಯಲ್ಲಿ ಹೊಟ್ಟೆಯ ಕೆಳಗೆ ಹಿಡಿದು ನೀರಿನಲ್ಲಿ ನಿಲ್ಲಿಸಿದೆ. ಕಿವಿರು ನಾಲ್ಕಾರು ಸಲ ಬಡಿಯಿತು, ಬಾಲ ನನ್ನ ಮುಖಕ್ಕೆ ನೀರು ಚಿಮ್ಮಿಸಿತು, ಹೋಯಿತು. ಅದರ ಹಿಂದೆ ಯಾವ ದಾರವೂ ಇರಲಿಲ್ಲ.

ಮಾಮ ಕತ್ತರಿ ಕೇಳಿದರು. ತುದಿಯ ಮೂರು ಮಾರು ತಂಗೂಸನ್ನು ಕತ್ತರಿಸಿ, ಬೆರಳಿಗೆ ಸುತ್ತಿ, ತಮ್ಮ ಹಳೆಯ ತಂಬಾಕಿನ ಡಬ್ಬಿಯೊಳಗೆ ತುರುಕಿ ಮುಚ್ಚಳ ಹಾಕಿದರು. ದಡದಲ್ಲಿ ಬೇರೆಯವರು ಬಿಟ್ಟುಹೋಗಿದ್ದ ಒಂದಿಷ್ಟು ದಾರವೂ ಅದೇ ಡಬ್ಬಿಗೆ ಹೋಯಿತು. "ಹೊಸ ಗಂಟು ಹಾಕು, ಇನ್ನೂ ಎಂಟು ಗಂಟೆ ಆಗಲಿಲ್ಲ" ಎಂದರು.