ಅರವತ್ತು ದಾಟದ ಮುಳ್ಳು

ಕಾರು ಕೊಂಡಾಗಿನಿಂದ ತಾನು ಅರವತ್ತು ದಾಟಿಲ್ಲ ಎನ್ನುವುದು ಅಪ್ಪನ ದೊಡ್ಡ ಹೆಮ್ಮೆ. ನಮ್ಮದು ಹಳೆಯ ಮಾರುತಿ 800. ಕಣಕಟ್ಟೆಯಿಂದ ಅರಸೀಕೆರೆಗೆ ಹೊರಟರೆ ಅಮ್ಮ ಪಕ್ಕದ ಸೀಟಿನಲ್ಲಿ ಒಂದು ಕೈಯಲ್ಲಿ ಬಾಗಿಲ ಹಿಡಿ, ಇನ್ನೊಂದು ಕೈಯಲ್ಲಿ ಸೆರಗು ಹಿಡಿದು ಕೂರುತ್ತಿದ್ದಳು. ಊರು ದಾಟಿ ತೆಂಗಿನ ತೋಟಗಳು ಶುರುವಾದ ಕೂಡಲೇ, ‘ಸ್ವಲ್ಪ ನಿಧಾನ ಓಡ್ಸಿ’ ಅನ್ನುತ್ತಿದ್ದಳು. ಅಪ್ಪ ಮಾತಾಡದೆ ಬೆರಳಿನಿಂದ ಮೀಟರಿನ ಗಾಜು ತಟ್ಟುತ್ತಿದ್ದ. ಮುಳ್ಳು ಅರವತ್ತರ ಮೇಲೆ ನಿಂತಿರುತ್ತಿತ್ತು. ವಾದ ಅಲ್ಲಿಗೆ ಮುಗಿಯುತ್ತಿತ್ತು.

ಬರಬರುತ್ತಾ ಅಮ್ಮ ಕಾರು ಹತ್ತುವುದನ್ನೇ ಬಿಟ್ಟಳು. ಮದುವೆಯಿರಲಿ, ಆಸ್ಪತ್ರೆಯಿರಲಿ, ಬಸ್ಸಿಗೇ ಕಾಯುತ್ತಿದ್ದಳು. ಮನೆ ಮುಂದೆ ಕಾರು ಇಟ್ಟುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವ ಹೆಂಗಸು ಎಂದು ನೆಂಟರು ನಗುತ್ತಿದ್ದರು. ‘ಅವಳದು ಹುಟ್ಟು ಪುಕ್ಕಲು’ ಎಂದು ಅಪ್ಪ ನಗುತ್ತಿದ್ದ. ನಾನೂ ನಕ್ಕಿದ್ದೇನೆ.

ಕಳೆದ ವರ್ಷ ಅಪ್ಪನ ಜೊತೆ ಹೋಗುವಾಗ ಫೋನಿನಲ್ಲಿ ಮ್ಯಾಪು ತೆರೆದಿಟ್ಟಿದ್ದೆ. ಮುಳ್ಳು ಅರವತ್ತರಲ್ಲಿತ್ತು, ಫೋನು ಎಪ್ಪತ್ತೆರಡು ಎನ್ನುತ್ತಿತ್ತು. ಹೇಳಿದರೆ, ‘ಫೋನಿಗೇನೋ ಗೊತ್ತು ನಮ್ಮ ಕಾರಿನ ವಿಷ್ಯ’ ಅಂದ. ಅಪ್ಪ ನಂಬುವ ಸಾಕ್ಷಿ ಬೇಕಿತ್ತು. ರಸ್ತೆ ಬದಿಯ ಕಿಲೋಮೀಟರ್ ಕಲ್ಲನ್ನು ಅವನೂ ಅನುಮಾನಿಸುವಂತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅರಸೀಕೆರೆಯಿಂದ ತಿಪಟೂರಿನ ಹೆದ್ದಾರಿಗೆ ಹೋದೆವು. ಮುಳ್ಳು ಅರವತ್ತರಲ್ಲೇ ಇರುವಂತೆ ನಾನು ಓಡಿಸಿದೆ. ಗಡಿಯಾರ ಅಪ್ಪನ ಕೈಯಲ್ಲಿತ್ತು. ಗಂಟೆಗೆ ಅರವತ್ತು ಎಂದರೆ ನಿಮಿಷಕ್ಕೊಂದು ಕಿಲೋಮೀಟರ್, ಕಲ್ಲಿನಿಂದ ಕಲ್ಲಿಗೆ ಅರವತ್ತು ಸೆಕೆಂಡು ಹಿಡಿಯಬೇಕು. ಐವತ್ತೇ ಹಿಡಿಯಿತು. ಅಪ್ಪ ಮತ್ತೆ ನೋಡಿದ, ಮತ್ತೂ ಐವತ್ತು. ಹತ್ತು ಕಲ್ಲು ದಾಟುವಷ್ಟರಲ್ಲಿ ದೂರ ಎಣಿಸುವ ಅಂಕಿಚಕ್ರ ಒಂಬತ್ತೂವರೆಯಷ್ಟೇ ತಿರುಗಿತ್ತು.

ಅಂದರೆ ತಪ್ಪು ಎರಡಿತ್ತು. ಅಂಕಿಚಕ್ರ ಗೇರ್‌ಬಾಕ್ಸಿನಿಂದ ಬರುವ ಕೇಬಲ್ಲಿನ ಸುತ್ತುಗಳನ್ನು ಹಲ್ಲುಚಕ್ರಗಳಿಂದ ಎಣಿಸುತ್ತದೆ. ಅದು ಕಡಿಮೆ ತೋರಿಸಿದರೆ ಮೊದಲು ಟೈರು ನೋಡಬೇಕು. ತೋಟದ ದಾರಿಗೆ ಅನುಕೂಲವೆಂದು ಅಪ್ಪ ಎಂದೋ 145/70ರ ಬದಲು 145/80 ಟೈರು ಹಾಕಿಸಿದ್ದ. ದೊಡ್ಡ ಟೈರು ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಶೇಕಡ ಐದಾರರಷ್ಟು. ಹನ್ನೆರಡು ಕಿಲೋಮೀಟರಿನ ವ್ಯತ್ಯಾಸದಲ್ಲಿ ಸುಮಾರು ನಾಲ್ಕು ಟೈರಿನ ಪಾಲು. ಉಳಿದ ಎಂಟು ಮುಳ್ಳಿನದು.

ಹಾಸನದಲ್ಲಿ ಮೀಟರ್ ರಿಪೇರಿ ಮಾಡುವ ಹಿರಿಯರೊಬ್ಬರು ಅದನ್ನು ಬಿಚ್ಚಿ ತೋರಿಸಿದರು. ಕೇಬಲ್ಲಿನ ತುದಿಗೆ ಒಂದು ಆಯಸ್ಕಾಂತ, ಅದರ ಮೇಲೆ ತಾಗದಂತೆ ಕವುಚಿದ ಅಲ್ಯೂಮಿನಿಯಂ ಬಟ್ಟಲು. ಆಯಸ್ಕಾಂತ ಸುತ್ತಿದಾಗ ಬಟ್ಟಲಿನಲ್ಲಿ ಸುಳಿವಿದ್ಯುತ್ ಹುಟ್ಟಿ ಅದನ್ನು ಜೊತೆಗೆ ಎಳೆಯುತ್ತದೆ. ಕೂದಲೆಳೆಯಂಥ ಸ್ಪ್ರಿಂಗು ಹಿಂದಕ್ಕೆಳೆಯುತ್ತದೆ. ಈ ಎರಡು ಎಳೆತ ಸಮವಾದ ಕಡೆ ಮುಳ್ಳು ನಿಲ್ಲುತ್ತದೆ. 1902ರಲ್ಲಿ ಜರ್ಮನಿಯ ಒಟ್ಟೊ ಶುಲ್ಟ್ಸೆ ಪೇಟೆಂಟ್ ಪಡೆದ ಉಪಾಯ ಇದು. ‘ಆಯಸ್ಕಾಂತಕ್ಕೂ ವಯಸ್ಸಾಗುತ್ತೆ, ಎಳೆಯೋ ಶಕ್ತಿ ಕಮ್ಮಿಯಾಗುತ್ತೆ’ ಅಂದರು ಅವರು. ಜಪಾನಿ ವಿನ್ಯಾಸದ ಮೀಟರುಗಳಲ್ಲಿ ಸಾಮಾನ್ಯವಾಗಿ ಕಿಲೋಮೀಟರಿಗೆ 637 ಸುತ್ತು. ಆ ಲೆಕ್ಕದಲ್ಲಿ ನಿಮಿಷಕ್ಕೆ 637 ಸುತ್ತು ಕೊಟ್ಟರೆ ಮುಳ್ಳು ಅರವತ್ತಕ್ಕೆ ಬರಬೇಕು. ನಮ್ಮದು ಐವತ್ತಮೂರರಲ್ಲಿ ನಿಂತಿತು. ಅವರು ಒಣಗಿದ ಗ್ರೀಸು ಒರೆಸಿ, ಆಯಸ್ಕಾಂತಕ್ಕೆ ಸುರುಳಿಯೊಂದರಿಂದ ಮತ್ತೆ ಬಲ ಕೊಟ್ಟು, ಸ್ಪ್ರಿಂಗು ಸರಿಪಡಿಸಿದರು. ಮುಳ್ಳು ಅರವತ್ತಕ್ಕೆ ಬಂತು. ಟೈರುಗಳನ್ನೂ ಮೊದಲಿನ ಅಳತೆಗೆ ಬದಲಿಸಿದೆವು.

ಮೀಟರು ನಿಜವಾದ ವೇಗಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದು, ಕಡಿಮೆ ಮಾತ್ರ ತೋರಿಸಕೂಡದು ಎಂಬುದು ಯುರೋಪಿನ ಕಾರುಗಳಿಗಿರುವ ನಿಯಮ. ಅದರ ಅರ್ಥ ನನಗೆ ಆಮೇಲೆ ಆಯಿತು. ಬ್ರೇಕು ಒತ್ತಿದ ಮೇಲೆ ಕಾರು ಓಡುವ ದೂರ ವೇಗದ ವರ್ಗದಂತೆ ಬೆಳೆಯುತ್ತದೆ. ಎಪ್ಪತ್ತೆರಡರಲ್ಲಿ ಅದು ಅರವತ್ತರದ್ದಕ್ಕಿಂತ ಶೇಕಡ 44ರಷ್ಟು ಹೆಚ್ಚು. ಎಮ್ಮೆ, ಆಡು, ಸೈಕಲ್ಲಿನ ಮಕ್ಕಳು ಅಡ್ಡ ಬರುವ ರಸ್ತೆಯಲ್ಲಿ ಅಪ್ಪ ಇಷ್ಟು ವರ್ಷ ಅರವತ್ತರ ಧೈರ್ಯದಲ್ಲಿ ಎಪ್ಪತ್ತೆರಡನ್ನು ಓಡಿಸಿದ್ದ. ಏನೂ ಆಗಲಿಲ್ಲ ಎನ್ನುವುದು ಅದೃಷ್ಟ, ಅಷ್ಟೇ.

ಹಾಸನದಿಂದ ವಾಪಸು ಬರುವಾಗ ಅಪ್ಪ ಮಾತಾಡಲಿಲ್ಲ. ಮನೆಗೆ ಬಂದು ಅಮ್ಮನಿಗೆ ನಾನೇ ಹೇಳಿದೆ. ‘ನಾನು ಹೇಳ್ತಿರ್ಲಿಲ್ವಾ’ ಎಂದಾಳೆಂದು ಕಾದೆ. ಅನ್ನಲಿಲ್ಲ. ಅಕ್ಕಿ ಆರಿಸುವುದನ್ನು ಮುಂದುವರಿಸಿದಳು.

‘ನಿಂಗೆ ಹೆಂಗಮ್ಮಾ ಗೊತ್ತಾಗ್ತಿತ್ತು?’ ಎಂದು ಕೇಳಿದೆ.

‘ಬಸ್ಸಲ್ಲಿ ಕೂತ್ರೆ ಕಲ್ಲಿನ ಮೇಲಿರೋ ಅಂಕಿ ಓದಕ್ಕಾಗುತ್ತೆ. ಮೊದಮೊದಲು ನಮ್ಮ ಕಾರಲ್ಲೂ ಆಗ್ತಿತ್ತು. ಆಮೇಲಾಮೇಲೆ ಆಗ್ತಿರ್ಲಿಲ್ಲ.’

ನಾನು ಗಡಿಯಾರ ಹಿಡಿಸಿ ಅಳೆದದ್ದೂ ಅಂಥವೇ ಕಲ್ಲುಗಳಿಂದ. ಅವಳು ಬರಿಗಣ್ಣಿನಲ್ಲಿ ಅಳೆದಿದ್ದಳು. ನಿಂಗೆ ಹಾಗೇಕೆ ಅನ್ನಿಸುತ್ತೆ ಎಂದು ನಾವು ಒಮ್ಮೆಯೂ ಕೇಳಿರಲಿಲ್ಲ. ಗಾಜು ತಟ್ಟಿ ತೋರಿಸಿದ್ದೆವು, ಅಷ್ಟೇ.

ಮುಂದಿನ ವಾರ ಅಮ್ಮನ ಕಣ್ಣು ತೋರಿಸಲು ಅರಸೀಕೆರೆಗೆ ಹೋಗಬೇಕಿತ್ತು. ಅವಳು ಎಂದಿನಂತೆ ಚೀಲ ಹಿಡಿದು ಬಸ್ಸಿಗೆ ಹೊರಟಾಗ ಅಪ್ಪ ಹೋಗಿ ಕಾರಿನ ಎಡಬಾಗಿಲು ತೆರೆದು ನಿಂತ. ಕರೆಯಲಿಲ್ಲ. ಅಮ್ಮ ಸ್ವಲ್ಪ ಹೊತ್ತು ನೋಡಿ, ಬಂದು ಕೂತಳು. ನಾನು ಹಿಂದೆ ಕೂತೆ. ಮುಳ್ಳು ಐವತ್ತರ ಹತ್ತಿರ ಇತ್ತು. ಬಾಗಿಲ ಹಿಡಿ ಮಾತ್ರ ಅವಳು ಬಿಟ್ಟಿರಲಿಲ್ಲ. ಮುಕ್ಕಾಲು ದಾರಿ ಸವೆದ ಮೇಲೆ, ಕಿಟಕಿಯಾಚೆ ನೋಡುತ್ತಾ ಮೆಲ್ಲಗೆ ಓದಿದಳು:

‘ಅರಸೀಕೆರೆ, ಐದು.’

ಅಪ್ಪ ಮೀಟರು ನೋಡಲಿಲ್ಲ. ‘ಹ್ಞೂಂ’ ಅಂದ.